ಕಳೆದದ್ದಲ್ಲ, ಕಳುವಾದದ್ದು

ಕಡಲೆಕಾಯಿ ಪರಿಷೆ ಮುಗಿಸಿಕೊಂಡು ಕಾರಿನ ಬಳಿಗೆ ಬಂದಾಗ ಕಾಲಡಿಯಲ್ಲಿ ಕರಕರ ಸದ್ದಾಯಿತು. ಎರಡು ಗಂಟೆಯಿಂದ ಬಸವನಗುಡಿಯ ಬೀದಿಗಳಲ್ಲಿ ಸಿಪ್ಪೆ ತುಳಿದುಕೊಂಡೇ ಓಡಾಡಿದ್ದರಿಂದ ಇದೂ ಸಿಪ್ಪೆಯೇ ಇರಬೇಕು ಎಂದುಕೊಂಡೆ. ಮಗಳು ಮೊಬೈಲಿನ ದೀಪ ಹಾಕಿದಳು. ನೆಲ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಮಿನುಗಿತು. ಎಡಗಡೆಯ ಹಿಂಬಾಗಿಲಿನ ಮೂಲೆಯಲ್ಲಿದ್ದ ಮುಕ್ಕೋನದ ಸಣ್ಣ ಗಾಜು ಇರಲಿಲ್ಲ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ನನ್ನ ಚೀಲದ ಮೇಲೆ ಹೊದಿಸಿದ್ದ ಹೆಂಡತಿಯ ಶಾಲು ಸೀಟಿನ ಬುಡದಲ್ಲಿ ಬಿದ್ದಿತ್ತು. ಚೀಲ ಇರಲಿಲ್ಲ.

2024ರ ನವೆಂಬರ್, ಕಾರ್ತಿಕದ ಕಡೆಯ ಸೋಮವಾರ. ಪರಿಷೆಯ ದಿನ ದೊಡ್ಡ ಬಸವಣ್ಣನ ಗುಡಿಯ ಸುತ್ತಮುತ್ತ ಕಾರು ನಿಲ್ಲಿಸುವ ಆಸೆಯನ್ನು ಅಲ್ಲಿನ ನಿವಾಸಿಗಳೇ ಇಟ್ಟುಕೊಳ್ಳುವುದಿಲ್ಲ. ನಾನು ಒಂದೂವರೆ ಕಿಲೋಮೀಟರ್ ಆಚೆ, ಬೀದಿದೀಪ ಕೆಟ್ಟಿದ್ದ ಒಂದು ಅಡ್ಡರಸ್ತೆಯಲ್ಲಿ ಜಾಗ ಸಿಕ್ಕಿತೆಂದು ಹಿಗ್ಗಿ ನಿಲ್ಲಿಸಿದ್ದೆ. ಅಂಥ ದಿನ ಅಷ್ಟು ಸುಲಭವಾಗಿ ಜಾಗ ಏಕೆ ಸಿಕ್ಕಿತು ಎಂದು ಆಗ ಯೋಚಿಸಲಿಲ್ಲ.

ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವುದು ನನ್ನ ಕಸುಬು. ಆ ದಿನ ಕೆಲಸದಿಂದ ನೇರವಾಗಿ ಮನೆಯವರನ್ನು ಕರೆದುಕೊಂಡು ಹೊರಟಿದ್ದರಿಂದ ಚೀಲ ಜೊತೆಯಲ್ಲೇ ಇತ್ತು. ಅದರಲ್ಲಿ ಕಚೇರಿಯ ಲ್ಯಾಪ್‌ಟಾಪ್, ಊಟದ ಡಬ್ಬಿ, ಒಂದು ವ್ಯಾಕರಣ ಪುಸ್ತಕದ ಎಂಬತ್ತು ಪುಟಗಳ ಕರಡು. ಚೀಲ ಕಾಣಬಾರದೆಂದೇ ಶಾಲು ಹೊದಿಸಿದ್ದು. ಖಾಲಿ ಸೀಟಿಗೆ ಯಾರೂ ಶಾಲು ಹೊದಿಸುವುದಿಲ್ಲ ಎಂಬುದು ಕಳ್ಳನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

112ಕ್ಕೆ ಕರೆ ಮಾಡಿದೆವು. ಇಪ್ಪತ್ತು ನಿಮಿಷದಲ್ಲಿ ಪೊಲೀಸರ ಹೊಯ್ಸಳ ಗಸ್ತು ಗಾಡಿ ಬಂತು. ಬಂದ ಇಬ್ಬರಲ್ಲಿ ಹಿರಿಯ ಪೇದೆ ಗಾಜಿನ ಚೂರು ಮುಟ್ಟಬೇಡಿ ಎಂದು ಹೇಳಿ ಎರಡು ಫೋಟೊ ತೆಗೆದುಕೊಂಡರು. ಒಳ್ಳೆಯ ಮನುಷ್ಯ. ನಮ್ಮ ಮುಖ ನೋಡಿ ಸಮಾಧಾನ ಹೇಳುವ ಬದಲು ಪಾಠವನ್ನೇ ಮಾಡಿದರು. "ನಿಮ್ಮದು ನಿಂತ ಕಾರು ಸಾರ್. ಕೂತಿರುವವರಿಂದಲೇ ಎತ್ತಿಕೊಂಡು ಹೋಗುತ್ತಾರೆ. ರಸ್ತೆಯಲ್ಲಿ ಹತ್ತು ರೂಪಾಯಿಯ ನಾಲ್ಕು ನೋಟು ಚೆಲ್ಲಿ, ನಿಮ್ಮ ದುಡ್ಡು ಬಿದ್ದಿದೆ ಎನ್ನುತ್ತಾರೆ. ಇಲ್ಲವೇ ಎಂಜಿನ್ನಿನಿಂದ ಆಯಿಲ್ ಸೋರುತ್ತಿದೆ, ಟೈರು ಪಂಕ್ಚರ್ ಆಗಿದೆ ಎನ್ನುತ್ತಾರೆ. ನೀವು ಈ ಕಡೆ ಇಳಿದು ಬಗ್ಗಿದರೆ ಆ ಕಡೆಯ ಬಾಗಿಲಿನಿಂದ ಚೀಲ ಹೋಗಿರುತ್ತದೆ. ಒಂದು ನಿಮಿಷಕ್ಕೆ ಇಳಿದರೂ ಲಾಕ್ ಮಾಡಿ ಇಳಿಯಿರಿ." ಠಾಣೆಗೆ ಹೋಗಿ ದೂರು ಕೊಡಿ ಎಂದು ಹೇಳಿ ಹೊರಟರು.

ಆಗ ಹೆಂಡತಿ ಕೇಳಿದಳು: "ರೀ, ಮನೆಯ ಬೀಗದ ಕೈ ಎಲ್ಲಿ?"

ನಮ್ಮ ಮನೆಯ ಒಂದು ಬೀಗದ ಕೈಯೂ ಕಾರಿನ ಎರಡನೆಯ ಕೀಯೂ ಒಂದೇ ಗೊಂಚಲಿನಲ್ಲಿದ್ದವು. ಬೆಳಿಗ್ಗೆ ಅವಸರದಲ್ಲಿ ಆ ಗೊಂಚಲನ್ನೇ ಚೀಲದ ಬದಿಯ ಜೇಬಿಗೆ ಹಾಕಿಕೊಂಡಿದ್ದೆ. ಅದೇ ಜೇಬಿನಲ್ಲಿ ಕಾರಿನ ಆರ್‌ಸಿ ಕಾರ್ಡೂ ಇತ್ತು. ಅಂದರೆ ಕಳ್ಳನ ಕೈಯಲ್ಲಿ ಈಗ ಬೀಗದ ಕೈ ಇದೆ, ಕಾರಿನ ಕೀ ಇದೆ, ಆ ಎರಡೂ ಯಾವ ವಿಳಾಸಕ್ಕೆ ಸೇರಿದವು ಎಂದು ಹೇಳುವ ಸರ್ಕಾರಿ ದಾಖಲೆಯೂ ಇದೆ. ಲ್ಯಾಪ್‌ಟಾಪ್ ಹೋದ ದುಃಖ ಅಲ್ಲಿಗೆ ಮರೆತುಹೋಯಿತು. ಗಾಜು ಒಡೆದವನಿಗೆ ನಾನು ಇಡೀ ಮನೆಯನ್ನೇ ಒಪ್ಪಿಸಿದ್ದೆ.

ಭಾವಮೈದನಿಗೆ ಫೋನ್ ಮಾಡಿದೆ. "ಭಾವ, ನೀವು ಠಾಣೆಗೆ ಹೋಗಿ. ಅಕ್ಕನನ್ನೂ ಮಗುವನ್ನೂ ನಾನು ಮನೆಗೆ ಕರೆದುಕೊಂಡು ಹೋಗಿ ಬೀಗ ಬದಲಾಯಿಸಿರುತ್ತೇನೆ" ಎಂದ. ಮುಚ್ಚುತ್ತಿದ್ದ ಹಾರ್ಡ್‌ವೇರ್ ಅಂಗಡಿಯ ಬಾಗಿಲನ್ನು ಅರ್ಧ ತೆರೆಸಿ ಅವನು ಹೊಸ ಬೀಗ ತಂದನಂತೆ. ಆ ಹೊತ್ತಿಗೆ ನಾನು ಠಾಣೆಯ ಬೆಂಚಿನ ಮೇಲೆ ಕೂತಿದ್ದೆ.

ಪರಿಷೆಯ ಬಂದೋಬಸ್ತಿಗೆ ಹೋದವರೆಲ್ಲ ಹೋಗಿ ಠಾಣೆ ಬಿಕೋ ಎನ್ನುತ್ತಿತ್ತು. ರೈಟರ್ ನನ್ನ ಮಾತು ಪೂರ್ತಿ ಕೇಳಿದರು, ಒಂದು ಹಾಳೆ ಕೊಟ್ಟರು, ಹೀಗೆ ಬರೆಯಿರಿ ಎಂದು ಹೇಳತೊಡಗಿದರು: "ಪರಿಷೆಗೆ ಬಂದಾಗ ಎಲ್ಲಿಯೋ ನನ್ನ ಚೀಲ ಕಳೆದುಹೋಗಿರುತ್ತದೆ..."

ನಾನು ಪೆನ್ನು ನಿಲ್ಲಿಸಿದೆ. "ಕಳೆದುಹೋಗಿಲ್ಲ ಸಾರ್, ಕಳುವಾಗಿದೆ."

"ಎರಡೂ ಒಂದೇ ಅಲ್ಲವೇ? ಹೀಗೆ ಬರೆದರೆ ನಿಮಗೇ ಸುಲಭ. ಇಲ್ಲಿಗೂ ಬರಬೇಕಾಗಿಲ್ಲ, ಮೊಬೈಲಿನಲ್ಲಿ ಇ-ಲಾಸ್ಟ್ ಆ್ಯಪ್ ಇದೆ. ಐದು ನಿಮಿಷದಲ್ಲಿ ಸ್ವೀಕೃತಿ ಬರುತ್ತದೆ."

ಅವರು ಹೇಳಿದ ಆ್ಯಪ್ ಸುಳ್ಳಲ್ಲ. ಬಸ್ಸಿನಲ್ಲಿ ಪರ್ಸು ಬೀಳಿಸಿಕೊಂಡವರಿಗೆ, ಅಂಕಪಟ್ಟಿ ಎಲ್ಲಿಟ್ಟೆನೆಂದು ಮರೆತವರಿಗೆ ರಾಜ್ಯ ಪೊಲೀಸರು ಮಾಡಿಕೊಟ್ಟಿರುವ ನಿಜವಾದ ಅನುಕೂಲ ಅದು. ಆದರೆ ಕಳೆದುಕೊಳ್ಳುವ ಕ್ರಿಯೆಗೆ ಕರ್ತೃ ನಾನು. ಕಳವಿಗೆ ಕರ್ತೃ ಬೇರೆಯವನು. ಇಪ್ಪತ್ತೆರಡು ವರ್ಷ ಕರಡು ತಿದ್ದಿದವನಿಗೆ ಈ ವ್ಯತ್ಯಾಸ ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ. ಕಳೆದುಹೋಯಿತು ಎಂದರೆ ಅಪರಾಧವೇ ನಡೆದಿಲ್ಲ. ಅಪರಾಧ ಇಲ್ಲದ ಮೇಲೆ ಎಫ್‌ಐಆರ್ ಇಲ್ಲ, ತನಿಖೆ ಇಲ್ಲ, ಠಾಣೆಯ ಲೆಕ್ಕದಲ್ಲಿ ಪತ್ತೆಯಾಗದ ಪ್ರಕರಣವೊಂದು ಹೆಚ್ಚುವುದೂ ಇಲ್ಲ. ನಾಳೆ ಅದೇ ಕೀ ಹಾಕಿ ಯಾರಾದರೂ ಕಾರನ್ನೇ ಓಡಿಸಿಕೊಂಡು ಹೋದರೆ, ವಿಮೆಯವರು ಮೊದಲು ಕೇಳುವುದೇ ಎರಡೂ ಕೀ ಕೊಡಿ ಎಂದು. ಒಂದನ್ನು ಕಳೆದುಕೊಂಡಿದ್ದೇನೆ ಎಂದು ನನ್ನ ಕೈಬರಹದಲ್ಲೇ ಇದ್ದರೆ ಅಜಾಗರೂಕತೆ ನನ್ನದೇ.

ಇದನ್ನೆಲ್ಲ ಅಷ್ಟು ಸ್ಫುಟವಾಗಿ ಅಲ್ಲಿ ಹೇಳಿದೆನೆಂದು ಕೊಚ್ಚಿಕೊಳ್ಳಲಾರೆ. ಹೇಳಿದ್ದು ಇಷ್ಟೇ: "ಹೊರಗೆ ಕಾರು ನಿಂತಿದೆ, ಬಂದು ನೋಡಿ. ಚೀಲ ತಾನೇ ಗಾಜು ಒಡೆದುಕೊಂಡು ಇಳಿದು ಹೋಗಿದ್ದರೆ ಕಳೆದುಹೋಗಿದೆ ಎಂದು ಬರೆಯುತ್ತೇನೆ." ರೈಟರ್ ನಗಲಿಲ್ಲ. ಆದರೆ ಒಳಗಿನ ಕೋಣೆಯಲ್ಲಿ ಊಟ ಮಾಡುತ್ತಿದ್ದ ಸಬ್ ಇನ್ಸ್‌ಪೆಕ್ಟರ್ ನಕ್ಕರು, ಕೈ ತೊಳೆದು ಬಂದು ದೂರು ಓದಿದರು. ರಾತ್ರಿ ಹನ್ನೊಂದೂವರೆಗೆ ಎಫ್‌ಐಆರ್ ಆಯಿತು. ಆ ವರ್ಷದ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿತ್ತಲ್ಲ. ಕಳ್ಳತನಕ್ಕೆ ಬಾಯಿಗೆ ರೂಢಿಯಾಗಿದ್ದ 379ರ ಬದಲು 303(2)ನೇ ಕಲಂ ಬಿತ್ತು. ಪ್ರತಿಯನ್ನು ದೂರುದಾರನಿಗೆ ಉಚಿತವಾಗಿ ಕೊಡಬೇಕೆಂದು ಕಾನೂನಿನಲ್ಲೇ ಇದೆ, ಕೇಳಿ ಪಡೆದುಕೊಂಡೆ. ಸ್ವತ್ತಿನ ಪಟ್ಟಿಯಲ್ಲಿ ಲ್ಯಾಪ್‌ಟಾಪಿನ ಕ್ರಮಸಂಖ್ಯೆ ಬರೆಯುವ ಜಾಗ ಖಾಲಿ ಬಿಡಬೇಕಾಯಿತು, ನನಗೆ ಗೊತ್ತಿರಲಿಲ್ಲ. ಮರುದಿನ ಯಜಮಾನರ ಬಿಲ್ಲಿನಿಂದ ಹುಡುಕಿ ಕೊಟ್ಟೆ. ಕಾರಿನ ಕೀ ಒಂದು, ಮನೆಯ ಬೀಗದ ಕೈ ಒಂದು, ಆರ್‌ಸಿ ಕಾರ್ಡ್ ಒಂದು ಎಂದು ಬೇರೆ ಬೇರೆ ಸಾಲಿನಲ್ಲಿ ಬರೆಸಿದ್ದು ಆ ರಾತ್ರಿ ನಾನು ಮಾಡಿದ ಏಕೈಕ ಜಾಣ ಕೆಲಸ.

ಮನೆಗೆ ಬಂದರೂ ಕೀ ಕಳ್ಳನ ಬಳಿಯೇ ಇದೆ. ನಮಗೆ ಗ್ಯಾರೇಜಿಲ್ಲ, ಕಾರು ಬೀದಿಯಲ್ಲೇ ಮಲಗಬೇಕು. ಭಾವಮೈದ ನಮ್ಮ ಕಾರನ್ನು ಗೋಡೆಯ ಮೂಲೆಗೆ ಸೇರಿಸಿ ನಿಲ್ಲಿಸಿ, ತನ್ನ ಕಾರನ್ನು ಅದರ ಮೂತಿಗೆ ಒತ್ತಿ ನಿಲ್ಲಿಸಿದ. ಹತ್ತನೆಯ ನಂಬರಿನ ಸ್ಪ್ಯಾನರ್ ತಂದು ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿದ. ಒಡೆದ ಕಿಟಕಿಗೆ ಹಾಲಿನ ಕವರುಗಳನ್ನು ಕತ್ತರಿಸಿ ಅಂಟಿಸಿದೆವು. ನಿದ್ದೆ ಬರಲಿಲ್ಲ, ರಾತ್ರಿ ಮೂರು ಸಲ ಎದ್ದು ಕಿಟಕಿಯಿಂದ ನೋಡಿದೆ.

ಬೆಳಿಗ್ಗೆ ಸ್ಥಳ ಮಹಜರು. ಎಳನೀರು ಮಾರುವವರೊಬ್ಬರು, ಎದುರು ಕಟ್ಟಡದ ಕಾವಲುಗಾರರೊಬ್ಬರು ಪಂಚರಾದರು, ಅಂದರೆ ಮಹಜರಿಗೆ ಸಾಕ್ಷಿಗಳು. ಎದುರು ಮನೆಯ ಕ್ಯಾಮೆರಾದಲ್ಲಿ ನಡೆದದ್ದೆಲ್ಲ ಇತ್ತು. ಆ ಮನೆಯ ಅಜ್ಜಿ ಕಾಫಿ ಕೊಟ್ಟು ತೋರಿಸಿದರು. ಒಂದು ವಾರ ಕಳೆದರೆ ಹಳೆಯದು ತಾನಾಗಿ ಅಳಿಸಿಹೋಗುತ್ತದಂತೆ, ಪೇದೆ ಆಗಲೇ ಪೆನ್‌ಡ್ರೈವಿಗೆ ಇಳಿಸಿಕೊಂಡರು.

ಆ ದೃಶ್ಯವನ್ನು ನಾನು ನಾಲ್ಕು ಬಾರಿ ನೋಡಿದೆ. ಹೆಲ್ಮೆಟ್ ಹಾಕಿದ ಇಬ್ಬರು, ಒಂದು ಸ್ಕೂಟರ್. ಹಿಂದೆ ಕೂತವನು ಇಳಿದು, ಸಾಲಾಗಿ ನಿಂತಿದ್ದ ಕಾರುಗಳ ಪಕ್ಕದಲ್ಲಿ ಸಂಜೆಯ ವಾಕಿಂಗ್ ಹೊರಟವನ ಹಾಗೆ ನಡೆಯುತ್ತಾನೆ. ಪ್ರತಿ ಕಾರಿನ ಹಿಂದಿನ ಕಿಟಕಿಗೂ ಒಂದು ಕ್ಷಣ ಮೊಬೈಲಿನ ಬೆಳಕು ಹಿಡಿಯುತ್ತಾನೆ. ಮೊದಲನೆಯ ಕಾರು ನಮ್ಮದಕ್ಕಿಂತ ಮೂರುಪಟ್ಟು ಬೆಲೆಯದು. ನೋಡಿ ಮುಂದೆ ಹೋದ. ಎರಡನೆಯದನ್ನೂ ಬಿಟ್ಟ, ಮೂರನೆಯದನ್ನೂ ಬಿಟ್ಟ. ನಮ್ಮದರ ಮುಂದೆ ನಿಂತ. ಶಾಲಿನ ಅಂಚಿನಿಂದ ಚೀಲದ ಕಪ್ಪು ಪಟ್ಟಿ ಒಂದು ಗೇಣು ಇಳಿಬಿದ್ದಿರಬೇಕು. ಅಲ್ಲಿಂದ ಮುಂದಕ್ಕೆ ಮೂವತ್ತು ಸೆಕೆಂಡು. ಸದ್ದು ಕ್ಯಾಮೆರಾದಲ್ಲಿ ಬಂದಿಲ್ಲ, ಪರಿಷೆಯ ದಿನ ಬೀದಿಯಲ್ಲಿದ್ದವರಿಗೂ ಕೇಳಿಸಿರಲಾರದು. ಅವನಿಗೆ ನಮ್ಮ ಕಾರು ಬೇಕಾಗಿರಲಿಲ್ಲ. ಖಾಲಿ ಕಾರುಗಳನ್ನು ಬಿಟ್ಟುಬಿಟ್ಟ, ಅಷ್ಟೇ. ಅವನ ಸಮಯಪ್ರಜ್ಞೆ ನನ್ನ ಮುದ್ರಣಾಲಯದಲ್ಲಿ ಯಾರಿಗೂ ಇಲ್ಲ.

ಗಾಜಿನ ಅಂಗಡಿಯಲ್ಲಿ ಇನ್ನೊಂದು ಆಶ್ಚರ್ಯ ಕಾದಿತ್ತು. ಬಾಗಿಲಿನ ದೊಡ್ಡ ಗಾಜಿಗಿಂತ ಈ ಅಂಗೈಯಗಲದ ಮುಕ್ಕೋನದ ಗಾಜೇ ನಮ್ಮ ಕಾರಿಗೆ ದುಬಾರಿ. ಕೂಲಿ ಸೇರಿ 2,650 ರೂಪಾಯಿ, ಅದೂ ದಾಸ್ತಾನಿಲ್ಲ, ಒಂದು ವಾರ ಬೇಕು. ಮುಂದಿನ ಗಾಜು ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಮಾಡಿದ್ದು, ಹೊಡೆದರೂ ಜೇಡರ ಬಲೆಯಂತೆ ಬಿರಿದು ನಿಲ್ಲುತ್ತದೆ. ಪಕ್ಕದವು ಹದಗೊಳಿಸಿದ ಒಂದೇ ಪದರ, ಒಂದು ಕಡೆ ಪೆಟ್ಟು ಬಿದ್ದರೆ ಇಡೀ ಗಾಜು ಹರಳು ಹರಳಾಗಿ ಉದುರುತ್ತದೆ ಎಂದು ಅಲ್ಲಿನ ಹುಡುಗ ವಿವರಿಸಿದ. ಅಪಘಾತದಲ್ಲಿ ನಮ್ಮನ್ನು ಕೊಯ್ಯದಿರಲೆಂದು ಮಾಡಿದ ಆ ಗುಣ ಕಳ್ಳನಿಗೂ ಅನುಕೂಲ. ಕಾದ ಆ ವಾರದಲ್ಲೇ ಫೆಂಗಲ್ ಚಂಡಮಾರುತದ ಮಳೆ ಬೆಂಗಳೂರಿಗೂ ಬಂತು. ಹಾಲಿನ ಕವರುಗಳು ಸೋತವು, ಹಿಂದಿನ ಸೀಟು ನೆನೆದು ಮುಗ್ಗಲು ವಾಸನೆ ಹಿಡಿಯಿತು. ಹರಳುಗಳಂತೂ ಮುಗಿಯುವಂತಿರಲಿಲ್ಲ. ಎರಡು ಸಲ ವ್ಯಾಕ್ಯೂಮ್ ಹಾಕಿಸಿದರೂ ಯುಗಾದಿಗೆ ಕಾರು ತೊಳೆಯುವಾಗ ಸೀಟಿನ ಹಳಿಯಲ್ಲಿ ಇನ್ನೂ ನಾಲ್ಕು ಸಿಕ್ಕವು.

ಆ ಅಂಗಡಿಯವರೇ ಕಪ್ಪು ಫಿಲ್ಮ್ ಹಾಕಿಸಿ, ಒಳಗಿರುವುದು ಕಾಣುವುದೇ ಇಲ್ಲ ಎಂದರು. ಸುಪ್ರೀಂ ಕೋರ್ಟ್ 2012ರಲ್ಲೇ ಕಪ್ಪು ಫಿಲ್ಮಿಗೆ ತಡೆ ಹಾಕಿತ್ತು. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಶೇಕಡಾ 70, ಪಕ್ಕದವುಗಳಲ್ಲಿ ಶೇಕಡಾ 50 ಬೆಳಕು ದಾಟಲೇಬೇಕು. ಕಳ್ಳನಿಂದ ತಪ್ಪಿಸಿಕೊಂಡು ಟ್ರಾಫಿಕ್ ಪೊಲೀಸರ ಕೈಗೆ ಬೀಳುವ ಉತ್ಸಾಹ ನನಗಿರಲಿಲ್ಲ.

ವಿಮೆಯ ಲೆಕ್ಕ ಹಾಕಿದ್ದು ಹೆಂಡತಿ. ಗಾಜಿಗೆ ಸವಕಳಿ ಕಡಿತವಿಲ್ಲ, ಪೂರ್ತಿ ಬೆಲೆ ಸಿಗುತ್ತದೆ ಎಂದು ಏಜೆಂಟರು ಹುರುಪಿನಿಂದಲೇ ಹೇಳಿದ್ದರು. ಆದರೆ 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಮೊದಲ ಸಾವಿರ ರೂಪಾಯಿ ನಮ್ಮದೇ. ಉಳಿದದ್ದು 1,650. ಮೂರು ವರ್ಷ ಕ್ಲೇಮ್ ಮಾಡದೆ ಶೇಕಡಾ 35ಕ್ಕೆ ಏರಿಸಿಕೊಂಡಿದ್ದ ನೋ ಕ್ಲೇಮ್ ಬೋನಸ್, ಅಂದರೆ ಕಂತಿನಲ್ಲಿ ಸಿಗುವ ರಿಯಾಯಿತಿ, ಮುಂದಿನ ವರ್ಷ 45 ಆಗುವುದಿತ್ತು. ಈಗ ಕ್ಲೇಮ್ ಮಾಡಿದರೆ ಸೊನ್ನೆ. ಆರು ಸಾವಿರದ ಕಂತಿನಲ್ಲಿ 2,700 ರೂಪಾಯಿ ಬಿಟ್ಟು 1,650 ಪಡೆಯುವ ಬುದ್ಧಿವಂತಿಕೆ ಬೇಡ ಎಂದಳು. ಕಾರಿನ ಒಳಗಿದ್ದ ವಸ್ತುಗಳಿಗೆ ಆ ಪಾಲಿಸಿಯಲ್ಲಿ ನಯಾ ಪೈಸೆ ಇಲ್ಲ, ಅದಕ್ಕೆ ಬೇರೆಯೇ ಹೆಚ್ಚುವರಿ ರಕ್ಷಣೆ ಕೊಳ್ಳಬೇಕು. ಲ್ಯಾಪ್‌ಟಾಪಿನ ಅರ್ಧ ಬೆಲೆ ನನ್ನ ಸಂಬಳದಲ್ಲಿ ಕಂತುಕಂತಾಗಿ ಹೋಯಿತು. ಕ್ಲೇಮ್ ಮಾಡದಿದ್ದರೂ, ಒಂದು ಕೀ ಕಳುವಾಗಿದೆ ಎಂದು ಎಫ್‌ಐಆರ್ ಪ್ರತಿಯೊಂದಿಗೆ ವಿಮೆ ಕಚೇರಿಗೆ ಪತ್ರ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ.

ಇನ್ನು ಆ ಕೀ. ಸರ್ವಿಸ್ ಕೇಂದ್ರದಲ್ಲಿ ಆರ್‌ಸಿ ಕೇಳಿದರು, ಡಿಜಿಲಾಕರಿನಲ್ಲಿದ್ದದ್ದನ್ನು ತೋರಿಸಿದೆ. ಮೊಬೈಲಿನಲ್ಲಿರುವ ಆ ಪ್ರತಿಗೆ ಕಾರ್ಡಿನಷ್ಟೇ ಮಾನ್ಯತೆ ಇರುವಾಗ ಮೂಲ ಕಾರ್ಡನ್ನು ಹೊತ್ತು ತಿರುಗಿದ ನನ್ನ ಹಳೆಯ ಕಾಲದ ಶ್ರದ್ಧೆಗೆ ಬೆಲೆ ತೆರಬೇಕಾಯಿತು. ನಕಲು ಆರ್‌ಸಿಗೆ 26ನೇ ನಮೂನೆಯ ಅರ್ಜಿ, ಜೊತೆಗೆ ಎಫ್‌ಐಆರ್ ಪ್ರತಿ. ಆ ಓಡಾಟದ ಕಥೆ ಬೇಡ, ಆರ್‌ಟಿಒ ಓಡಾಟ ಎಲ್ಲರಿಗೂ ಗೊತ್ತಿರುವುದೇ.

ಕೀಯ ತಲೆಯೊಳಗೆ ಸಣ್ಣ ಚಿಪ್ ಇರುತ್ತದೆ. ಕಾರಿನ ಇಮೊಬಿಲೈಸರ್ ತನ್ನ ಪಟ್ಟಿಯಲ್ಲಿರುವ ಚಿಪ್ಪುಗಳನ್ನು ಮಾತ್ರ ಗುರುತಿಸಿ ಎಂಜಿನ್ ಚಾಲೂ ಆಗಲು ಬಿಡುತ್ತದೆ. ತಂತ್ರಜ್ಞ ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನುಗಳ ಕಿಂಡಿಗೆ ಒಂದು ಯಂತ್ರ ಜೋಡಿಸಿ, ಪಟ್ಟಿಯನ್ನೆಲ್ಲ ಅಳಿಸಿ, ನನ್ನ ಬಳಿ ಉಳಿದಿದ್ದ ಒಂದೇ ಕೀಯನ್ನು ಮತ್ತೆ ದಾಖಲಿಸಿದ. ಹತ್ತು ನಿಮಿಷವೂ ಆಗಲಿಲ್ಲ. "ಈಗ ಕಳ್ಳನ ಕೀ ತಿರುಗುತ್ತದೆ ಸಾರ್, ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಆದರೆ ಬಾಗಿಲು ತೆರೆಯುತ್ತದೆ, ಅದು ಬರೀ ಲೋಹದ ಹಲ್ಲು. ಅದಕ್ಕೆ ಬಾಗಿಲಿನ ಲಾಕನ್ನೇ ಬದಲಿಸಬೇಕು" ಎಂದ. ಬದಲಿಸಿದೆವು, ಗಾಜಿನ ನಾಲ್ಕುಪಟ್ಟು ಖರ್ಚು. ಕಾರು ಕೊಂಡಾಗ ಕೀ ಜೊತೆ ಕೊಟ್ಟಿದ್ದ, ಹೊಸ ಕೀ ಮಾಡಿಸಲು ಬೇಕಾಗುವ ಸಂಖ್ಯೆಯ ತಗಡಿನ ಬಿಲ್ಲೆಯನ್ನು ಹೆಂಡತಿ ಒಡವೆ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಅದೂ ಗೊಂಚಲಿನಲ್ಲೇ ಇದ್ದಿದ್ದರೆ ಎಂದು ತಂತ್ರಜ್ಞ ತಲೆ ಅಲ್ಲಾಡಿಸಿದ.

ಅವನು ಮಾಡಿದ್ದು ಎಷ್ಟು ಸುಲಭವಾಗಿತ್ತೆಂದರೆ ನನಗೆ ಹೊಸ ಹೆದರಿಕೆ ಶುರುವಾಯಿತು. ಅದೇ ಕಿಂಡಿ, ಅಂಥದೇ ಯಂತ್ರ ಕಳ್ಳರ ಬಳಿಯೂ ಇದ್ದರೆ? ಇದೆ ಎಂದ. ಒಳನುಗ್ಗಿದವನು ಹೊಸ ಕೀಯನ್ನು ಪಟ್ಟಿಗೆ ಸೇರಿಸಿಕೊಂಡು ಹೋಗುವುದು ಹೊಸದೇನಲ್ಲವಂತೆ. ಹಾಗಾಗಿ ಎಲೆಕ್ಟ್ರಾನಿಕ್ಸ್ ಸಹವಾಸವೇ ಇಲ್ಲದ ಗೇರ್ ಲಾಕ್ ಹಾಕಿಸಿದೆ. ಕಬ್ಬಿಣದ ಸರಳು, ಅದಕ್ಕೊಂದು ಕೀ, ಅಷ್ಟೇ. ವಾಹನ ಸಂಶೋಧನಾ ಸಂಸ್ಥೆಯಾದ ಎಆರ್‌ಎಐ ಮಾನ್ಯತೆ ಪಡೆದ ಕಳ್ಳತನ ನಿರೋಧಕ ಸಾಧನ ಇದ್ದರೆ, ನಮ್ಮದೇ ಕಾರಿನ ಹಾನಿಗೆಂದು ಕಟ್ಟುವ ವಿಮೆಯ ಕಂತಿನಲ್ಲಿ ಶೇಕಡಾ 2.5, ಹೆಚ್ಚೆಂದರೆ 500 ರೂಪಾಯಿ ರಿಯಾಯಿತಿ ಉಂಟು. ನನ್ನ ಸರಳಿಗೆ ಆ ಪ್ರಮಾಣಪತ್ರ ಇರಲಿಲ್ಲ. ಇದ್ದಿದ್ದರೂ ಉಳಿಯುತ್ತಿದ್ದದ್ದು 150 ರೂಪಾಯಿ.

ಭಾವಮೈದನ ಕಾರಿಗೆ ಕೀ ಹಾಕುವುದೇ ಬೇಕಿಲ್ಲ, ಜೇಬಿನಲ್ಲಿದ್ದರೆ ಸಾಕು. ನನ್ನ ಕಥೆ ಕೇಳಿ ಅವನಿಗೂ ದಿಗಿಲು ಹತ್ತಿತು. ಒಬ್ಬ ಮನೆಯ ಬಾಗಿಲ ಬಳಿ, ಇನ್ನೊಬ್ಬ ಕಾರಿನ ಬಳಿ ಸಾಧನ ಹಿಡಿದು ನಿಂತು, ಒಳಗಿರುವ ಕೀಯ ಸಂಕೇತವನ್ನು ಕಾರಿನವರೆಗೆ ಹಾಯಿಸಿ ಬಾಗಿಲು ತೆರೆಯುವ ವಿದ್ಯೆ ಇಂಗ್ಲೆಂಡಿನಂಥ ಕಡೆ ದೊಡ್ಡ ತಲೆನೋವಾಗಿದೆ. ತಪ್ಪಿಸಲು ಕೀಯನ್ನು ಲೋಹದ ಡಬ್ಬಿಯಲ್ಲಿ ಇಡಬೇಕೆಂದು ಎಲ್ಲಿಯೋ ಓದಿ, ಅಮ್ಮನ ಚಕ್ಕುಲಿ ಡಬ್ಬಿಗೆ ಹಾಕಿ ತಂದ. ಡಬ್ಬಿ ಹಿಡಿದುಕೊಂಡೇ ಕಾರಿನ ಬಾಗಿಲ ಗುಂಡಿ ಒತ್ತಿದ. ಬಾಗಿಲು ಮರ್ಯಾದೆಯಿಂದ ತೆರೆದುಕೊಂಡಿತು. ಮುಚ್ಚಳ ಸಡಿಲವಿತ್ತೋ ಏನೋ. ಬಳಿಕ ತರಿಸಿದ ಲೋಹದ ಎಳೆಯ ಚೀಲದಲ್ಲಿ ಹಾಕಿ ಒತ್ತಿದಾಗ ತೆರೆಯಲಿಲ್ಲ. ಈಗಲೂ ತಿಂಗಳಿಗೊಮ್ಮೆ ಪರೀಕ್ಷೆ ಮಾಡುತ್ತಾನೆ, ಚೀಲ ಮಡಿಸಿ ಮಡಿಸಿ ಸವೆಯುತ್ತದಂತೆ.

ಎಂಟನೆಯ ದಿನ ಮುದ್ರಣಾಲಯಕ್ಕೆ ಒಂದು ಫೋನ್ ಬಂತು. ಬೀದಿ ಗುಡಿಸುವ ಪೌರಕಾರ್ಮಿಕರೊಬ್ಬರಿಗೆ ಮೋರಿಯ ಪಕ್ಕ ಚೀಲ ಸಿಕ್ಕಿತ್ತು, ಕರಡಿನ ತಲೆಯಲ್ಲಿ ಮುದ್ರಣಾಲಯದ ನಂಬರಿತ್ತು. ಊಟದ ಡಬ್ಬಿ ಇತ್ತು. ವ್ಯಾಕರಣದ ಎಂಬತ್ತು ಪುಟಗಳೂ ಇದ್ದವು, ಫೆಂಗಲ್ ಮಳೆಗೆ ನೆನೆದು ನನ್ನ ಕೆಂಪು ಗುರುತುಗಳೆಲ್ಲ ಗುಲಾಲಿನಂತೆ ಹರಡಿದ್ದವು. ಸಂಧಿಪ್ರಕರಣವನ್ನು ಮತ್ತೆ ಮೊದಲಿನಿಂದ ತಿದ್ದಿದೆ. ಕೀ, ಆರ್‌ಸಿ, ಲ್ಯಾಪ್‌ಟಾಪ್ ಇರಲಿಲ್ಲ.

ಈಗ ಕಾರಿನಲ್ಲಿ ನಾವು ಏನನ್ನೂ ಮುಚ್ಚಿಡುವುದಿಲ್ಲ, ಏಕೆಂದರೆ ಏನನ್ನೂ ಇಡುವುದಿಲ್ಲ. ಚಾರ್ಜರಿನ ವೈರು ಕೂಡ ಇಲ್ಲ. ಇಳಿಯುವ ಮೊದಲು ಮಗಳು ಮುಂದಿನ ಡ್ಯಾಶ್‌ಬೋರ್ಡಿನ ಖಾನೆಯನ್ನು ಬಾಯಿ ತೆರೆದು ಬಿಡುತ್ತಾಳೆ, ಬೆಳಕು ಹಿಡಿದವನಿಗೆ ಖಾಲಿ ಎಂದು ಕಾಣಲಿ ಎಂದು. ಏನಾದರೂ ಡಿಕ್ಕಿಗೆ ಹಾಕಲೇಬೇಕಾದರೆ ಹೊರಡುವಲ್ಲೇ ಹಾಕಿಬಿಡುತ್ತೇವೆ; ತಲುಪಿದ ಜಾಗದಲ್ಲಿ ಡಿಕ್ಕಿ ತೆರೆದು ಚೀಲ ಇಡುವುದೆಂದರೆ ನೋಡುತ್ತಿರುವವನಿಗೆ ಹೇಳಿಕೊಟ್ಟ ಹಾಗೆ. ಮರುವರ್ಷದ ಪರಿಷೆಗೆ ಮೆಟ್ರೊದಲ್ಲಿ ಹೋಗಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ನಡೆದೆವು.

ಅದಕ್ಕೂ ಕೆಲವು ತಿಂಗಳ ಹಿಂದೆ ಠಾಣೆಯಿಂದ ಹಿಂಬರಹ ಬಂದಿತ್ತು. ಆರೋಪಿಗಳೂ ಸ್ವತ್ತೂ ಪತ್ತೆಯಾಗದ ಕಾರಣ ನ್ಯಾಯಾಲಯಕ್ಕೆ 'ಸಿ' ರಿಪೋರ್ಟ್ ಸಲ್ಲಿಸಲಾಗಿದೆ, ಮುಂದೆ ಸುಳಿವು ದೊರೆತಲ್ಲಿ ತನಿಖೆ ಮುಂದುವರಿಸಲಾಗುವುದು ಎಂದಿತ್ತು. ಅರ್ಧ ಪುಟದ ಆ ಕಾಗದದಲ್ಲಿ ಒಂದು ಕಡೆ ‘ಕಳವು’, ಒಂದು ಕಡೆ ‘ಕಳುವು’, ಇನ್ನೊಂದು ಕಡೆ ‘ಕಳ್ಳುವು’ ಎಂದು ಬರೆದಿತ್ತು. ಪೆನ್ನಿನತ್ತ ಕೈ ಹೋಯಿತು. ‘ಕಳೆದುಹೋಗಿದೆ’ ಎಂದು ಎಲ್ಲಿಯೂ ಇರಲಿಲ್ಲವಾದ್ದರಿಂದ ತಿದ್ದದೆ ಫೈಲಿಗೆ ಸೇರಿಸಿದೆ.